ವೋಲ್ಗಾ ಹೆಪ್ಪುಗಟ್ಟದ ವರ್ಷ

ಹಿಮ ಬಿದ್ದ ಹುಲ್ಲುಗಾವಲಿಗೆ ಮೊದಲು ಬಿಡಬೇಕಾದದ್ದು ಕುದುರೆಗಳನ್ನು. ಕುದುರೆ ಮುಂಗಾಲಿನ ಗೊರಸಿನಿಂದ ಹಿಮ ಕೆರೆದು, ಅಡಿಯಲ್ಲಿ ಒಣಗಿ ನಿಂತ ಹುಲ್ಲಿನ ತುದಿ ಮೇಯುತ್ತದೆ. ಅದು ಕೆರೆದು ಮುಂದೆ ಹೋದ ಜಾಗಕ್ಕೆ ದನಗಳು ಬರುತ್ತವೆ. ದನಕ್ಕೆ ಹಾಗೆ ಕೆರೆಯಲು ಬಾರದು, ಕುದುರೆ ತೆರೆದುಕೊಟ್ಟದ್ದೇ ಅದರ ಪಾಲು. ಕುರಿಗಳ ಸರದಿ ಕೊನೆಗೆ. ಅವು ನೆಲಕ್ಕೆ ಬಾಯಿ ಹಚ್ಚಿ ಬುಡದವರೆಗೂ ಕತ್ತರಿಸಿಬಿಡುತ್ತವೆ. ಈ ಸರದಿ ತಪ್ಪಿದರೆ ಮಂದೆ ಚಳಿಗಾಲ ದಾಟುವುದಿಲ್ಲ. ಸರದಿ ಸರಿಯಿದ್ದರೂ ಒಮ್ಮೊಮ್ಮೆ ದಾಟುವುದಿಲ್ಲ: ನಡುಚಳಿಯಲ್ಲಿ ಎರಡು ದಿನ ಬಿಸಿಲು ಕಾದು ಹಿಮ ಕರಗಿ, ಮೂರನೆಯ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಹುಲ್ಲಿನ ಮೇಲೆ ಗಾಜಿನಂಥ ಮಂಜುಗಡ್ಡೆ ಕೂರುತ್ತದೆ. ಅದನ್ನು ಒಡೆಯಲು ಹೋದ ಕುದುರೆಯ ಕಾಲು ಸೀಳಿ ರಕ್ತ ಬರುತ್ತದೆಯೇ ಹೊರತು ಮೇವು ಸಿಗುವುದಿಲ್ಲ. ಕಝಾಕರು ಇದಕ್ಕೆ ‘ಜುತ್’ ಎನ್ನುತ್ತಾರೆ. ಸಾವಿರ ತಲೆಯ ಹಿಂಡಿನ ಒಡೆಯ ವಾರದೊಳಗೆ ಬರಿಗೈಯವನಾಗುವುದು ಹೀಗೆ.

ನಾವು ‘ಅಲೆಮಾರಿ’ ಎಂಬ ಮಾತನ್ನು ಬಳಸುವಾಗ ಗೊತ್ತುಗುರಿಯಿಲ್ಲದೆ ಅಲೆಯುವವನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹುಲ್ಲಿನ ಮೇಲೆ ಬದುಕಿದವರ ಚರಿತ್ರೆ ಓದುತ್ತ ಹೋದಂತೆ ಈ ಚಿತ್ರ ಎಷ್ಟು ತಪ್ಪು ಎಂಬುದು ನನಗೆ ಮನವರಿಕೆಯಾಗಿದೆ. ಯಾವ ತಿಂಗಳಲ್ಲಿ ಯಾವ ಹಳ್ಳದ ದಡ, ಯಾವ ಬಾವಿ ಯಾವ ಮನೆತನದ್ದು, ಯಾರ ಮಂದೆ ಮುಂದೆ ಯಾರದು ಹಿಂದೆ, ಎಲ್ಲಕ್ಕೂ ಅಲ್ಲಿ ಲೆಕ್ಕವಿತ್ತು. ಆ ಲೆಕ್ಕ ಕಾಗದದ ಮೇಲೆ ಇರಲಿಲ್ಲ ಅಷ್ಟೆ. ಕಾಗದದ ಮೇಲೆ ಇಲ್ಲದ್ದರಿಂದ ಕಾಗದ ಬಲ್ಲವರ ಕಣ್ಣಿಗೆ ಆ ನೆಲ ಖಾಲಿಯಾಗಿ ಕಂಡಿತು. ಒಂದು ಇಡೀ ಜನಾಂಗ 1771ರ ಚಳಿಗಾಲದಲ್ಲಿ ಡೇರೆ ಕಿತ್ತು, ಮಂದೆ ಎಬ್ಬಿಸಿ, ಸಾವಿನ ದಾರಿ ಹಿಡಿದದ್ದಕ್ಕೆ ಈ ‘ಖಾಲಿ’ ಎಂಬ ಮಾತೇ ಬೇರು ಎಂದು ನಾನು ತಿಳಿದಿದ್ದೇನೆ.

ಡ್ಯಾನ್ಯೂಬ್ ನದಿಯ ಕೆಳಬಯಲಿನಿಂದ ಮಂಚೂರಿಯದವರೆಗೆ ಸುಮಾರು 8,000 ಕಿ.ಮೀ. ಉದ್ದಕ್ಕೆ ಅಲ್ಲಲ್ಲಿ ಬೆಟ್ಟಗಳು ಅಡ್ಡಬಂದರೂ ಮುಗಿಯದೆ ಹಬ್ಬಿರುವ ಹುಲ್ಲಿನ ಪಟ್ಟಿಯೇ ಸ್ಟೆಪಿ. ಮರ ಬೆಳೆಯುವಷ್ಟು ಮಳೆ ಇಲ್ಲ, ಮರಳುಗಾಡಾಗುವಷ್ಟು ಬರವೂ ಇಲ್ಲ. ಶಕರು, ಹೂಣರು, ತುರ್ಕರು, ಮಂಗೋಲರು ಎಂದು ನಮ್ಮ ಪಠ್ಯಪುಸ್ತಕಗಳು ದಂಡಯಾತ್ರೆಯ ಬಾಣದ ಗುರುತು ಹಾಕಿ ತೋರಿಸುವುದು ಈ ಪಟ್ಟಿಯನ್ನೇ. ಇದರ ಪೂರ್ವದ ತುದಿಗೆ ಹತ್ತಿರ, ಅಲ್ತಾಯ್ ಮತ್ತು ತಿಯೆನ್ ಶಾನ್ ಪರ್ವತಗಳ ನಡುವೆ ಜುಂಗಾರಿಯ ಎಂಬ ಸೀಮೆಯಿದೆ. ಪಶ್ಚಿಮ ಮಂಗೋಲರಾದ ಓಯಿರಾತರ ನೆಲೆ ಅದು. ಅವರಲ್ಲಿ ಒಂದು ಕವಲು ತೊರ್ಗೂತರು.

1618ರ ಆಸುಪಾಸಿನಲ್ಲಿ ತೊರ್ಗೂತರ ಮುಖಂಡ ಖೋ ಓರ್ಲುಕ್ ತನ್ನ ಜನವನ್ನೂ ಜಾನುವಾರನ್ನೂ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. ಮನೆತನಗಳ ನಡುವಿನ ಜಗಳ, ಮೇವಿನ ಇಕ್ಕಟ್ಟು, ಎರಡೂ ಅವನನ್ನು ದೂಡಿದ್ದವು. ಹತ್ತು ಹನ್ನೆರಡು ವರ್ಷ ಮೇಯಿಸುತ್ತ, ಕಾದುತ್ತ ಸಾಗಿ, 1630ರ ದಶಕದ ಹೊತ್ತಿಗೆ ವೋಲ್ಗಾ ನದಿಯ ಕೆಳದಂಡೆಗೆ ಬಂದಿಳಿದ. ಅಲ್ಲಿ ನೊಗಾಯ್ ಎಂಬ ತುರ್ಕಿ ಪಶುಪಾಲಕರಿದ್ದರು. ತೊರ್ಗೂತರು ಅವರನ್ನು ಬಡಿದು ಓಡಿಸಿ, ಇಲ್ಲವೇ ಅಡಿಯಾಳು ಮಾಡಿಕೊಂಡು ಅವರ ಹುಲ್ಲಿನಲ್ಲಿ ತಮ್ಮ ಕುದುರೆ ಬಿಟ್ಟರು. ಈ ಕಥೆಯಲ್ಲಿ ಮುಂದೆ ತೊರ್ಗೂತರ ಸಂಕಟ ಹೇಳುವಾಗ ಈ ನೊಗಾಯ್‌ಗಳನ್ನು ಮರೆಯಬಾರದು. ಖೋ ಓರ್ಲುಕ್‌ನಿಗೂ ಬಯಲು ಖಾಲಿಯಾಗಿ ಸಿಕ್ಕಿರಲಿಲ್ಲ.

ರಷ್ಯನ್ನರು ಈ ಹೊಸಬರನ್ನು ಕಲ್ಮಿಕ್ ಎಂದು ಕರೆದರು. ವೋಲ್ಗಾ ನದಿಗೆ ಕಲ್ಮಿಕರು ಇಜಿಲ್ ಎಂದು ಹೆಸರಿಟ್ಟುಕೊಂಡರು, ಬಯಲಿಗೆ ‘ತೇಗ್’ ಎಂದರು. ಚಳಿಗಾಲಕ್ಕೆ ದಕ್ಷಿಣದಲ್ಲಿ ಕ್ಯಾಸ್ಪಿಯನ್ ಕಡಲ ಅಂಚಿನ ಜೊಂಡುಹುಲ್ಲಿನ ನಡುವೆ ಬೀಡು. ಜೊಂಡು ಗಾಳಿ ತಡೆಯುತ್ತಿತ್ತು, ಒಲೆಗೂ ಆಗುತ್ತಿತ್ತು. ವಸಂತದಲ್ಲಿ ಹಿಮ ಕರಗಿದಂತೆ ಉತ್ತರಕ್ಕೆ ಸರಿದು, ಬೇಸಿಗೆಯಲ್ಲಿ ಸರಾತೋವ್‌ವರೆಗೂ ಹೋಗಿ, ಶರತ್ಕಾಲದಲ್ಲಿ ಮತ್ತೆ ಇಳಿದುಬರುವುದು. ಕುದುರೆ, ದನ, ಎರಡು ಡುಬ್ಬದ ಒಂಟೆ, ದಪ್ಪ ಬಾಲದ ಕುರಿ. ಒಣಗಿದ ಸಗಣಿಯೇ ಸೌದೆ, ಉಣ್ಣೆ ಬಡಿದು ಹಾಸಿದ ದಪ್ಪ ಹೊದಿಕೆಯೇ ಗೋಡೆ ಮತ್ತು ಮಾಡು. ನಮ್ಮ ಕುರಿಗಾಹಿಗಳಿಗೆ ಬೆರಣಿಯ ಒಲೆ, ಕಂಬಳಿಯ ಬಿಸುಪು ಹೊಸತಲ್ಲ. ಆದರೆ ಇಡೀ ರಾಜ್ಯವೇ, ರಾಜನ ಸಮೇತ, ವರ್ಷಕ್ಕೆ ಎರಡು ಸಲ ನೂರಾರು ಮೈಲಿ ಜಾಗ ಬದಲಿಸುವುದನ್ನು ಊಹಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಆ ರಾಜ್ಯದ ಏರುಗಾಲ ಆಯುಕ ಖಾನನ ಕಾಲ. 1724ರಲ್ಲಿ ಸಾಯುವವರೆಗೆ ಅರ್ಧಶತಮಾನ ಆಳಿದ ಅವನಿಗೆ ಖಾನ್ ಪದವಿ ಬಂದದ್ದು ಮಾಸ್ಕೋದಿಂದಲ್ಲ, ಲಾಸಾದ ದಲೈಲಾಮರ ಪೀಠದಿಂದ. ರಷ್ಯಾಕ್ಕೆ ಕುದುರೆಸವಾರರ ನೆರವು ಕೊಡುತ್ತಿದ್ದ, ಬೇಡವೆನಿಸಿದಾಗ ರಷ್ಯಾದ ಊರುಗಳನ್ನೇ ದೋಚುತ್ತಿದ್ದ. 1722ರಲ್ಲಿ ಪರ್ಷಿಯಾದ ಮೇಲೆ ದಂಡೆತ್ತಿ ಹೊರಟ ಮಹಾ ಪೀಟರ್ ದೊರೆ ವೋಲ್ಗಾದಲ್ಲಿ ದೋಣಿ ನಿಲ್ಲಿಸಿ, ಮುದಿ ಆಯುಕನನ್ನು ಬರಮಾಡಿಕೊಂಡು ಸರಿಸಮನಂತೆ ಸತ್ಕರಿಸಿದ. ಅದಕ್ಕೂ ಮೊದಲೇ, 1714ರಲ್ಲಿ, ಚೀನಾದ ಕಾಂಗ್‌ಶಿ ಚಕ್ರವರ್ತಿಯ ರಾಯಭಾರಿ ತುಲಿಶೆನ್ ಸೈಬೀರಿಯ ದಾಟಿ ಎರಡು ವರ್ಷ ಪ್ರಯಾಣ ಮಾಡಿ ಆಯುಕನ ಬೀಡಿಗೆ ಬಂದಿದ್ದ. ಒಂದು ಶತಮಾನದ ಹಿಂದೆ ಬಿಟ್ಟುಬಂದ ಪೂರ್ವದಿಕ್ಕು ಮತ್ತೆ ಮಾತಾಡಿಸಿತ್ತು.

ಪೂರ್ವದ ನಂಟು ಕಡಿದದ್ದೇ ಇಲ್ಲ ಎನ್ನಬೇಕು. ಕಲ್ಮಿಕರು ಟಿಬೆಟಿನ ಗೆಲುಗ್ ಪಂಥದ ಬೌದ್ಧರು. ಝಾಯ ಪಂಡಿತ ಎಂಬ ಓಯಿರಾತ್ ಭಿಕ್ಷು 1648ರಲ್ಲಿ ಅವರ ನುಡಿಗೆ ಹೊಂದುವ ‘ತೋದೋ ಬಿಚಿಗ್’, ಅಂದರೆ ಸ್ಪಷ್ಟ ಲಿಪಿ, ರೂಪಿಸಿಕೊಟ್ಟಿದ್ದ. ವೋಲ್ಗಾ ದಂಡೆಯ ಹುಡುಗರು ಓದಲು ಹೋಗುತ್ತಿದ್ದುದು ಲಾಸಾದ ಬಳಿಯ ದ್ರೆಪುಂಗ್ ಮಹಾವಿಹಾರದ ಗೋಮಾಂಗ್ ವಿದ್ಯಾಪೀಠಕ್ಕೆ. ಮಂಗೋಲ್ ಕುಲದವರಿಗೆಲ್ಲ ಅದೇ ಗುರುಮನೆ. ಆದರೆ ಆ ದಾರಿ ರಷ್ಯಾ, ಚೀನಾ ಇಬ್ಬರ ಕೈಯಲ್ಲೂ ಇತ್ತು. ಯಾತ್ರೆಗೆ ಒಬ್ಬ ದೊರೆ ಹೂಂ ಎಂದರೆ ಇನ್ನೊಬ್ಬ ತಡೆಯುತ್ತಿದ್ದ.

ಆಯುಕ ಸತ್ತ ಮೇಲೆ ರಷ್ಯಾ ಬಯಲನ್ನು ಬಿಗಿಯುತ್ತ ಬಂತು. ವೋಲ್ಗಾಕ್ಕೂ ದೋನ್ ನದಿಗೂ ನಡುವೆ ಕಂದಕ, ದಿಬ್ಬ, ಕೋಟೆಗಳ ತ್ಸಾರಿತ್ಸಿನ್ ಸಾಲು ಅವನ ಕಾಲಕ್ಕೇ ಎದ್ದಿತ್ತು. ಉತ್ತರಕ್ಕೆ ಹೋಗುವ ಮಂದೆಗಳಿಗೆ ಅದು ಅಡ್ಡಗೋಡೆಯಾಯಿತು. ಕೋಟೆಯ ಸುತ್ತ ರಷ್ಯಾದ ಗಡಿ ಕಾಯುವ ಸವಾರರಾದ ಕೊಸಾಕರ ಊರು, ಊರಿನ ಸುತ್ತ ಹೊಲ, ನದಿಯ ಮೀನುಗಾರಿಕೆಯೂ ಅವರದೇ. ಆಮೇಲೆ ಬಂದದ್ದು ಎರಡನೆಯ ಕ್ಯಾಥರೀನ್ ರಾಣಿಯ 1763ರ ಪ್ರಣಾಳಿಕೆ. ವಿದೇಶೀಯರು ರಷ್ಯಾಕ್ಕೆ ಬಂದು ನೆಲೆಸಬಹುದು, ಭೂಮಿ ಕೊಡುತ್ತೇವೆ, ತೆರಿಗೆ ವಿನಾಯಿತಿ ಕೊಡುತ್ತೇವೆ ಎಂಬ ಕರೆ. ಯಾವ ಯಾವ ಭೂಮಿ ನೆಲೆಸಲು ಬಿಡುವಾಗಿದೆ ಎಂಬ ಪಟ್ಟಿಯನ್ನೂ ಅದಕ್ಕೆ ಲಗತ್ತಿಸಲಾಗಿತ್ತು. ಕೆಲವೇ ವರ್ಷಗಳಲ್ಲಿ ಸರಾತೋವ್ ಸುತ್ತ ವೋಲ್ಗಾದ ಎರಡೂ ದಂಡೆಗಳಲ್ಲಿ ನೂರಕ್ಕೂ ಹೆಚ್ಚು ಜರ್ಮನ್ ಹಳ್ಳಿಗಳು ತಲೆಯೆತ್ತಿದವು.

ಆ ಬಡ ಜರ್ಮನ್ ರೈತರ ಮೇಲೆ ನನಗೆ ಸಿಟ್ಟಿಲ್ಲ. ಯುದ್ಧದಿಂದ ನೊಂದು, ಮಾತು ನಂಬಿ ಬಂದವರು ಅವರು. ನನ್ನ ಕಣ್ಣು ನಿಲ್ಲುವುದು ಆ ಪಟ್ಟಿಯ ಮೇಲೆ. ನಮ್ಮ ಕಂದಾಯ ದಾಖಲೆಗಳಲ್ಲೂ ಉಳುಮೆಗೆ ಬಾರದ ನೆಲಕ್ಕೆ ‘ಖರಾಬು’ ಎಂದು ಷರಾ ಬರೆಯುತ್ತಾರೆ. ಆ ಖರಾಬಿನಲ್ಲಿ ಯಾರ ಕುರಿ ಮೇಯುತ್ತಿದೆ ಎಂಬುದಕ್ಕೆ ದಾಖಲೆಯಲ್ಲಿ ಕಾಲಂ ಇರುವುದಿಲ್ಲ. ವೋಲ್ಗಾದ ಬೇಸಿಗೆ ಗಾವಲುಗಳು ಹತ್ತು ತಿಂಗಳು ಖಾಲಿಯೇ ಇರುತ್ತಿದ್ದವು. ಹಾಗೆ ಖಾಲಿ ಬಿಟ್ಟದ್ದರಿಂದಲೇ ಉಳಿದ ಎರಡು ತಿಂಗಳಿಗೆ ಅಲ್ಲಿ ಹುಲ್ಲು ಸಿಗುತ್ತಿತ್ತು. ನೇಗಿಲು ಬಿದ್ದ ಮೇಲೆ ಮಂದೆಗಳು ಕೆಳಗಿನ ಚಳಿಗಾಲದ ನೆಲದಲ್ಲೇ ಬೇಸಿಗೆಯನ್ನೂ ಕಳೆಯಬೇಕಾಯಿತು. ಬೇಸಿಗೆಯಲ್ಲಿ ಮೇಯಿಸಿದ ನೆಲ ಚಳಿಗೆ ಏನನ್ನು ಉಳಿಸೀತು?

1761ರಲ್ಲಿ ದೊಂದುಕ್ ದಾಶಿ ಖಾನ್ ತೀರಿಕೊಂಡು, ಅವನ ಮಗ, ಇನ್ನೂ ಇಪ್ಪತ್ತು ತುಂಬದ ಹುಡುಗ, ಪಟ್ಟಕ್ಕೆ ಬಂದ. ಹೆಸರು ಉಬಾಶಿ. ನಮ್ಮ ‘ಉಪಾಸಕ’ ಎಂಬ ಮಾತೇ ಸಂಸ್ಕೃತದಿಂದ ಬೌದ್ಧರ ಬಾಯಲ್ಲಿ ಸಾವಿರಾರು ಮೈಲಿ ನಡೆದು ಹೋಗಿ ಮಂಗೋಲಿಯನ್ನಿನಲ್ಲಿ ಉಬಾಶಿ ಆಗಿದೆ. ಹುಡುಗನಿಗೆ ಖಾನ್ ಪದವಿ ಕೊಡದೆ ರಷ್ಯಾ ‘ಪ್ರತಿನಿಧಿ’ ಎಂದಷ್ಟೇ ಮಾನ್ಯ ಮಾಡಿತು. ಮರುವರ್ಷ ಖಾನನ ಸಲಹಾ ಮಂಡಲಿಯಾದ ‘ಝಾರ್ಗೊ’ವನ್ನು ತಿದ್ದಿತು. ಅದರ ಸದಸ್ಯರಿಗೆ ಇನ್ನು ರಷ್ಯಾದ ಒಪ್ಪಿಗೆ ಬೇಕು, ಬಹುಮತದ ತೀರ್ಮಾನವನ್ನು ಉಬಾಶಿ ಮೀರುವಂತಿಲ್ಲ. 1768ರಲ್ಲಿ ತುರ್ಕರೊಡನೆ ಯುದ್ಧ ಹತ್ತಿಕೊಂಡಾಗ 20,000 ಸವಾರರನ್ನು ಕಳಿಸೆಂಬ ಆಜ್ಞೆ ಬಂತು. ಒಬ್ಬ ಸವಾರನೆಂದರೆ ಒಂದೇ ಕುದುರೆಯಲ್ಲ, ಬದಲಿ ಕುದುರೆಗಳೂ ಸೇರಬೇಕು. ಗಂಡಾಳುಗಳು ದೂರದ ಯುದ್ಧದಲ್ಲಿ, ಬೀಡಿನಲ್ಲಿ ಹೆಂಗಸರು, ಮಕ್ಕಳು, ಕಾವಲಿಲ್ಲದ ಮಂದೆ. ಗಡಿಯಾಚೆಯ ಸುಲಿಗೆಗಾರರಿಗೆ ಇದಕ್ಕಿಂತ ಒಳ್ಳೆಯ ಸಮಯ ಯಾವುದು?

ಇತ್ತ ಹಳೆಯ ತವರು ಜುಂಗಾರಿಯದಲ್ಲಿ ನಡೆದದ್ದನ್ನು ಹೇಳದೆ ಮುಂದಿನದು ಅರ್ಥವಾಗದು. ಅಲ್ಲಿ ಓಯಿರಾತರ ಇನ್ನೊಂದು ಕವಲಾದ ಜುಂಗಾರರು ದೊಡ್ಡ ರಾಜ್ಯ ಕಟ್ಟಿದ್ದರು. ಚೀನಾವನ್ನು ಆಳುತ್ತಿದ್ದ ಮಂಚು ವಂಶದ ಮೂವರು ಚಕ್ರವರ್ತಿಗಳು ಅವರೊಡನೆ ಕಾದಿದರು. 1755ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ ಸೇನೆ ಇಲಿ ಕಣಿವೆಯನ್ನು ಗೆದ್ದಿತು. ಮುಂದಿನ ಎರಡು ವರ್ಷಗಳ ದಂಗೆಯನ್ನು ಅಡಗಿಸುವ ನೆಪದಲ್ಲಿ ಜನಾಂಗವನ್ನೇ ಅಳಿಸಲಾಯಿತು. ಹತ್ತೊಂಬತ್ತನೆಯ ಶತಮಾನದ ಚೀನೀ ಇತಿಹಾಸಕಾರ ವೇಯ್ ಯುವಾನ್ ಲೆಕ್ಕ ಹಾಕಿದಂತೆ, ಜುಂಗಾರರಲ್ಲಿ ಹತ್ತಕ್ಕೆ ನಾಲ್ಕು ಪಾಲು ಸಿಡುಬಿನಿಂದ ಸತ್ತರು, ಎರಡು ಪಾಲು ರಷ್ಯಾಕ್ಕೋ ಕಝಾಕರ ಕಡೆಗೋ ಓಡಿದರು, ಮೂರು ಪಾಲು ಸೇನೆಯ ಕತ್ತಿಗೆ ಬಲಿಯಾದರು. ಬಯಲಿನಲ್ಲಿ ಮತ್ತೆ ಅವರ ಡೇರೆ ಕಾಣಲಿಲ್ಲ. ಹುಲ್ಲು ಮಾತ್ರ ವರ್ಷವರ್ಷವೂ ಎದೆಯೆತ್ತರ ಬೆಳೆಯಿತು, ಮೇಯುವ ಬಾಯಿಲ್ಲದೆ. ಮಂಚೂರಿಯದಿಂದ ಶಿಬೆ ಜನರನ್ನು 1764ರಲ್ಲಿ ಸಾವಿರಾರು ಮೈಲಿ ನಡೆಸಿ ತಂದು ಅಲ್ಲಿ ಕಾವಲಿಗೆ ಕೂರಿಸಬೇಕಾಯಿತು.

ಓಡಿ ಬಂದವರಲ್ಲಿ ಶೆರೆಂಗ್ ಎಂಬ ಮುಖಂಡನಿದ್ದ. ಚೀನೀ ಸೇನಾಧಿಕಾರಿಯೊಬ್ಬನನ್ನು ಕೊಂದು, ಸೈಬೀರಿಯದ ಹಾದಿಯಿಂದ ವೋಲ್ಗಾ ಸೇರಿಕೊಂಡಿದ್ದ. ಇಲಿ ಕಣಿವೆಯ ಹುಲ್ಲು ಹೇಗಿದೆ, ಅದಕ್ಕೆ ಯಾರೂ ಇಲ್ಲ ಎಂಬುದು ಕಲ್ಮಿಕರಿಗೆ ಅವನಂಥವರ ಬಾಯಿಂದಲೇ ತಿಳಿದದ್ದು. ತನ್ನವರು ಸತ್ತು ಬರಿದಾದ ನೆಲವನ್ನು ಒಬ್ಬ ಮನುಷ್ಯ ‘ಅಲ್ಲಿ ಮೇವಿದೆ’ ಎಂದು ಹೇಳಬೇಕಾದರೆ ವೋಲ್ಗಾದ ಬದುಕು ಎಷ್ಟು ಬಿಗಿದಿರಬೇಕು! ಉಬಾಶಿಯ ದಾಯಾದಿ ಸೆಬೆಕ್ ದೋರ್ಜಿ ಈ ಯೋಜನೆಯ ಬೆನ್ನುಲುಬು. ಲಾಮಾಗಳು ಶುಭದ ವರ್ಷ ನೋಡಿದರು. ಧರ್ಮಕ್ಕೆ ಹತ್ತಿರದ ನೆಲ, ಮೇವಿರುವ ನೆಲ, ಕೊಸಾಕನಿಲ್ಲದ ನೆಲ. ರಷ್ಯಾದ ಅಧಿಕಾರಿಗೆ ಸುಳಿವು ಹತ್ತಿ, ಮೇಲಿನವರಿಗೆ ಎಚ್ಚರಿಕೆ ಹೋದರೂ ಯಾರೂ ನಂಬಲಿಲ್ಲ. ಒಂದೂವರೆ ಲಕ್ಷ ಜನ ಚಳಿಗಾಲದ ನಡುವೆ ಎದ್ದು ಹೋಗುವುದುಂಟೆ ಎಂದುಕೊಂಡರು.

ಚಳಿಗಾಲವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಬೀಡುಗಳು ವೋಲ್ಗಾದ ಎರಡೂ ದಂಡೆಗಳಲ್ಲಿ ಹಂಚಿಹೋಗಿದ್ದವು. ನದಿ ಹೆಪ್ಪುಗಟ್ಟಿದರೆ ಪಶ್ಚಿಮದಂಡೆಯವರು ಮಂದೆ, ಗಾಡಿ, ಒಂಟೆ ಸಮೇತ ಮಂಜಿನ ಮೇಲೆ ನಡೆದು ಪೂರ್ವಕ್ಕೆ ಬರಬಹುದು. ಪ್ರತಿ ವರ್ಷವೂ ನದಿ ಹೆಪ್ಪುಗಟ್ಟುತ್ತಿತ್ತು. ಆ ವರ್ಷ ಚಳಿ ಕಡಿಮೆಯಾಗಿ ನೀರು ಹರಿಯುತ್ತಲೇ ಇತ್ತು. ಉಬಾಶಿ ಪೂರ್ವದಂಡೆಯಲ್ಲಿ ಕಾದ. ಗುಟ್ಟು ಹೊರಬೀಳುವ ಹೊತ್ತು ಬಂದಿತ್ತು. ರಷ್ಯಾದ ಹಳೆಯ ಪಂಚಾಂಗದಂತೆ 1771ರ ಜನವರಿ 5ರಂದು ಡೇರೆಗಳು ಇಳಿದವು. ಸುಮಾರು 30,000 ಡೇರೆಗಳ ಜನ ಹೊರಟರು. ಹನ್ನೊಂದು ಸಾವಿರಕ್ಕೂ ಮಿಕ್ಕ ಡೇರೆಗಳು ಆಚೆದಡದಲ್ಲೇ ಉಳಿದವು. ಆಚೆದಡದವರಲ್ಲಿ ಎಲ್ಲರಿಗೂ ಹೊರಡುವ ಮನಸ್ಸಿತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ದೆರ್ಬೆತ್ ಕವಲಿನ ಹಲವರಿಗೆ ಉಬಾಶಿಯ ಮನೆತನದ ಮೇಲೆ ಅಷ್ಟೇನೂ ಪ್ರೀತಿಯಿರಲಿಲ್ಲ. ಆದರೆ ಅಣ್ಣ ಒಂದು ದಡ, ತಮ್ಮ ಒಂದು ದಡ ಆದ ಮನೆಗಳೂ ಇದ್ದಿರಲೇಬೇಕು. ನಡುವೆ ಇದ್ದದ್ದು ಹರಿಯುವ ನೀರು.

ಮುಂದೆ ಸವಾರರ ದಂಡು, ಹಿಂದೆ ಸವಾರರ ದಂಡು, ನಡುವೆ ಮುದುಕರು, ಹೆಂಗಸರು, ಮಕ್ಕಳು, ದೇವರ ವಿಗ್ರಹ ಹೊತ್ತ ಒಂಟೆಗಳು, ಲಕ್ಷಾಂತರ ಜಾನುವಾರು. ಕೆಲವೇ ದಿನಗಳಲ್ಲಿ ಯಾಯಿಕ್ ನದಿ ದಾಟಿ ಅಲ್ಲಿನ ಕೊಸಾಕ್ ಠಾಣೆಗಳನ್ನು ಸುಟ್ಟುಹಾಕಿದರು. ಯಾಯಿಕ್ ಹೆಪ್ಪುಗಟ್ಟಿತ್ತು. ಮುಂದೆ ಎಂಬಾ ನದಿಯ ಬಯಲಿನಲ್ಲಿ ನಿಜವಾದ ಚಳಿ ಹಿಡಿಯಿತು. ಮೊದಲೇ ಹೇಳಿದ ಆ ಸರದಿ, ಕುದುರೆ ದನ ಕುರಿಯ ಸರದಿ, ಬೆನ್ನಟ್ಟುವವರಿದ್ದಾಗ ನಡೆಯುವುದಿಲ್ಲ. ಮಂದೆಗೆ ದಿನಕ್ಕೆ ಇಷ್ಟೇ ದೂರ, ಇಷ್ಟು ಹೊತ್ತು ಮೇವು ಎಂಬ ಮಿತಿಯಿದೆ. ಅದನ್ನು ಮೀರಿ ಓಡಿಸಿದರೆ ಮೊದಲು ಕುರಿ ಬೀಳುತ್ತವೆ, ಆಮೇಲೆ ಹಾಲು ಕೊಡುವ ದನ. ಹಾಲು ನಿಂತರೆ ಮಕ್ಕಳು ಬೀಳುತ್ತಾರೆ. ವಸಂತಕ್ಕೆ ಮುಂಚೆಯೇ ಇದು ಮುಗಿದುಹೋಗಿತ್ತು. ಬಯಲಿನ ಜನ ಬಯಲಿನ ಲೆಕ್ಕವನ್ನು ತಾವೇ ಮುರಿದು ನಡೆಯಬೇಕಾಗಿ ಬಂದ ದುರಂತ ಇದು.

ಹಿಡಿದು ತನ್ನಿ ಎಂದು ರಾಣಿಯ ಆಜ್ಞೆಯಾಯಿತು. ಯಾಯಿಕ್ ಕೊಸಾಕರಿಗೆ ತಮ್ಮದೇ ಕುಂದುಕೊರತೆಗಳಿದ್ದವು. ಅವರು ಬೆನ್ನಟ್ಟಲು ಒಪ್ಪಲಿಲ್ಲ. ಜನರಲ್ ತ್ರಾಉಬೆನ್‌ಬೆರ್ಗ್ ವಸಂತದಲ್ಲಿ ಸೈನ್ಯ ಹೊರಡಿಸಿ, ದವಸ ಸಾಲದೆ ಅರ್ಧದಾರಿಯಲ್ಲಿ ಮರಳಿದ. ಮರುವರ್ಷ ಜನವರಿಯಲ್ಲಿ ಅದೇ ಕೊಸಾಕರನ್ನು ವಿಚಾರಿಸಲು ಹೋಗಿ, ಗುಂಪಿನ ಮೇಲೆ ಗುಂಡು ಹಾರಿಸಿ, ಅವರ ಕೈಯಲ್ಲೇ ಸತ್ತ. ಅಲ್ಲಿ ಹೊಗೆಯಾಡಿದ ಬೆಂಕಿ 1773ರಲ್ಲಿ ಪುಗಚೋವ್‌ನ ದಂಗೆಯಾಗಿ ರಷ್ಯಾವನ್ನೇ ನಡುಗಿಸಿತು. ಉಬಾಶಿಗೆ ಇದಾವುದೂ ಗೊತ್ತಾಗುವಂತಿರಲಿಲ್ಲ.

ರಷ್ಯಾದ ಸೇನೆ ಮಾಡಲಾಗದ್ದನ್ನು ಕಝಾಕರು ಮಾಡಿದರು. ಅವರನ್ನು ಕ್ರೂರಿಗಳೆಂದು ಬರೆದ ಪುಸ್ತಕಗಳೇ ಹೆಚ್ಚು. ಕಝಾಕರ ಡೇರೆಯಲ್ಲಿ ಕೂತು ನೋಡಿದರೆ ಚಿತ್ರ ಬೇರೆಯೇ. ಓಯಿರಾತರು ನೂರು ವರ್ಷಕ್ಕೂ ಮಿಕ್ಕು ಅವರ ಮೇಲೆ ದಾಳಿ ಮಾಡಿದ್ದರು. 1723ರ ಜುಂಗಾರ್ ದಾಳಿಯಲ್ಲಿ ಕಝಾಕರು ಮನೆಮಠ ಬಿಟ್ಟು ಬರಿಗಾಲಲ್ಲಿ ಓಡಿದ್ದನ್ನು ಅವರು ಇಂದಿಗೂ ನೆನೆಯುತ್ತಾರೆ. ಈಗ ಅದೇ ಕುಲದ ಒಂದೂವರೆ ಲಕ್ಷ ಜನ ಕಝಾಕರ ಚಳಿಗಾಲದ ಗಾವಲುಗಳನ್ನು ತುಳಿಯುತ್ತ, ಇದ್ದ ಮೇವು ಮುಗಿಸುತ್ತ ಬರುತ್ತಿದ್ದಾರೆ. ಕಿರಿಯ ಪಂಗಡದ ನುರಾಲಿ ಖಾನ್, ನಡುಪಂಗಡದ ಅಬ್ಲಾಯ್, ಇಬ್ಬರೂ ಸವಾರರನ್ನು ಎಬ್ಬಿಸಿದರು. ಕಝಾಕರ ನೆನಪಿನಲ್ಲಿ ಆ ಬೇಟೆಯ ಹೆಸರು ‘ಶಾಂದಿ ಝೋರಿಕ್’, ಧೂಳಿನ ದಂಡಯಾತ್ರೆ. ಅಷ್ಟು ಗೊರಸು ಒಟ್ಟಿಗೆ ನಡೆದ ಬಯಲಿನಲ್ಲಿ ಎದ್ದ ಧೂಳನ್ನು ಆ ಹೆಸರೇ ತೋರಿಸುತ್ತದೆ.

ಬೇಸಿಗೆಯ ಬಾಯಲ್ಲಿ, ಬಾಲ್ಖಾಶ್ ಸರೋವರಕ್ಕೆ ಸ್ವಲ್ಪ ದೂರದ ಮೊಯಿಂತಿ ಎಂಬ ಹೊಳೆಯ ಬಳಿ ಕಝಾಕರು ಎಲ್ಲ ದಿಕ್ಕಿನಿಂದಲೂ ಸುತ್ತುಗಟ್ಟಿದರು. ಉಬಾಶಿ ದೂತರನ್ನು ಕಳಿಸಿದ, ಸೆರೆಯಾಳುಗಳನ್ನು ಬಿಟ್ಟುಕೊಟ್ಟ, ಮಾತುಕತೆಗೆಂದು ಮೂರು ದಿನದ ಬಿಡುವು ಗಳಿಸಿದ. ಆ ಬಿಡುವಿನಲ್ಲಿ ದಣಿದ ಕುದುರೆಗಳು ಮೇಯ್ದವು. ಆಮೇಲೆ ಒಮ್ಮೆಲೇ ಒಂದು ಕಡೆ ನುಗ್ಗಿ ಸುತ್ತು ಒಡೆದು ಹೊರಬಿದ್ದರು. ಹೊರಬಿದ್ದವರಲ್ಲಿ ಬಲ ಇದ್ದವರೆಷ್ಟು, ಹಿಂದೆ ಉಳಿದ ಮುದುಕರು ಮಕ್ಕಳೆಷ್ಟು ಎಂದು ಎಣಿಸಿದವರಿಲ್ಲ. ಸಿಕ್ಕ ಹೆಂಗಸರು, ಮಕ್ಕಳು ಗುಲಾಮರಾಗಿ ಹಂಚಿಹೋದರು.

ಮುಂದಿನದು ನೀರಿಲ್ಲದ ದಾರಿ. ಬಾಲ್ಖಾಶ್ ವಿಚಿತ್ರ ಸರೋವರ. ಪಶ್ಚಿಮದ ಅರ್ಧ ಸಿಹಿನೀರು, ಪೂರ್ವದ ಅರ್ಧ ಉಪ್ಪು. ಬೆನ್ನಿಗೆ ಕಝಾಕರು, ದಕ್ಷಿಣಕ್ಕೆ ಕಿರ್ಗಿಝರು. ಒಳ್ಳೆಯ ನೀರು, ಒಳ್ಳೆಯ ಹುಲ್ಲು ಇರುವ ಕಡೆಯಲ್ಲೆಲ್ಲ ಅದರ ಒಡೆಯರಿದ್ದರು. ಉಳಿದದ್ದು ಯಾರಿಗೂ ಬೇಡದ ಮರಳುಗಾಡು. ಬಾಯಾರಿ ಜಾನುವಾರಿನ ರಕ್ತ ಕುಡಿದರು, ರೋಗ ಹಬ್ಬಿತು ಎಂದು ಚೀನೀ ಬರಹಗಳು ಹೇಳುತ್ತವೆ. ವೋಲ್ಗಾದಿಂದ ಇಲಿಗೆ ನೇರ ಗೆರೆ ಎಳೆದರೂ 2,500 ಕಿ.ಮೀ. ಮೀರುತ್ತದೆ. ಅವರು ನಡೆದದ್ದು ನೇರ ಗೆರೆಯಲ್ಲ.

ಆ ಬೇಸಿಗೆಯಲ್ಲಿ ಇಲಿಯ ಗಡಿಠಾಣೆಗಳ ಕಾವಲುಗಾರರಿಗೆ ಕಂಡದ್ದು ಹರಿದ ಬಟ್ಟೆಯ, ಬರಿಗಾಲಿನ, ಅರೆಬತ್ತಲೆ ಮಕ್ಕಳ ಮೆರವಣಿಗೆ. ಹೊರಟಾಗ 33,000 ಕುಟುಂಬ, 1,69,000 ಜನ ಇದ್ದರು, ಬಂದವರು ಅರ್ಧದಷ್ಟು ಎಂದು ಚಿಯಾನ್‌ಲಾಂಗ್ ಚಕ್ರವರ್ತಿ ಬರೆಸಿದ. ಆಮೇಲಿನ ಎಣಿಕೆಯಲ್ಲಿ ಸಿಕ್ಕವರು ಸುಮಾರು 66,000. ಬೀಜಿಂಗ್‌ನಲ್ಲಿ ಮೊದಲು ಅನುಮಾನ ಎದ್ದಿತು: ಶೆರೆಂಗ್ ಜೊತೆಯಲ್ಲಿದ್ದಾನೆ, ಇದು ಮೋಸವೇ? ರಷ್ಯಾದೊಡನೆ ಜಗಳವಾದೀತೇ? ಚಕ್ರವರ್ತಿ ಸ್ವೀಕರಿಸಲು ಒಪ್ಪಿದ. ಜಾನುವಾರು ಎರಡು ಲಕ್ಷಕ್ಕೂ ಹೆಚ್ಚು, ಕುರಿಚರ್ಮದ ಅಂಗಿ ಐವತ್ತು ಸಾವಿರಕ್ಕೂ ಹೆಚ್ಚು, ಬಟ್ಟೆ, ಹತ್ತಿ, ಧಾನ್ಯ, ಚಹಾ, ಡೇರೆಗಳು ಗಾಡಿಗಾಡಿಯಾಗಿ ಬಂದವು. ಕೊಟ್ಟದ್ದು ದೊಡ್ಡ ನೆರವೇ, ಅದನ್ನು ಅಲ್ಲಗಳೆಯಲಾಗದು. ಕೊಟ್ಟ ಕೈ ಹದಿನಾಲ್ಕು ವರ್ಷದ ಹಿಂದೆ ಇದೇ ಕಣಿವೆಯಲ್ಲಿ ಅವರ ಒಡಹುಟ್ಟಿದ ಕುಲವನ್ನು ಕೊಯ್ದ ಕೈಯೂ ಹೌದು.

ಅಕ್ಟೋಬರ್‌ನಲ್ಲಿ ಉಬಾಶಿಯನ್ನು ಮಹಾಗೋಡೆಯ ಆಚೆಗಿನ ಮುಲಾನ್ ಬೇಟೆಕಾಡಿನಲ್ಲಿ, ಆಮೇಲೆ ಚೆಂಗ್‌ಡೆಯ ಬೇಸಿಗೆ ಅರಮನೆಯಲ್ಲಿ ಚಕ್ರವರ್ತಿ ಬರಮಾಡಿಕೊಂಡ. ಸ್ಟೆಪಿಯ ಮುಖಂಡರನ್ನು ಬೀಜಿಂಗ್‌ಗೆ ಕರೆಸದಿರುವುದಕ್ಕೆ ಒಂದು ಕಾರಣ ಸಿಡುಬು: ಒಮ್ಮೆಯೂ ಸಿಡುಬು ಬರದವರಿಗೆ ಊರೊಳಗೆ ಬಂದರೆ ಸಾವು ಎಂಬುದು ಆಸ್ಥಾನಕ್ಕೆ ಗೊತ್ತಿತ್ತು. ಲಾಸಾದ ಪೊತಾಲ ಅರಮನೆಯ ಮಾದರಿಯಲ್ಲಿ ಚೆಂಗ್‌ಡೆಯಲ್ಲಿ ಕಟ್ಟುತ್ತಿದ್ದ ಬೃಹತ್ ದೇಗುಲ ಸರಿಯಾಗಿ ಆಗಲೇ ಮುಗಿದಿತ್ತು. ಅದರ ಅಂಗಳದಲ್ಲಿ ತೊರ್ಗೂತರ ಆಗಮನದ ಕಥೆಯನ್ನು ಮಂಚು, ಚೀನೀ, ಮಂಗೋಲಿಯನ್, ಟಿಬೆಟನ್ ನಾಲ್ಕು ಭಾಷೆಗಳಲ್ಲಿ ಕೆತ್ತಿದ ಕಲ್ಲುಗಳು ಇಂದಿಗೂ ನಿಂತಿವೆ. ಬಲವಂತವಿಲ್ಲದೆ ತಾವಾಗಿಯೇ ಶರಣು ಬಂದರು ಎಂಬುದು ಆ ಕಲ್ಲಿನ ಮಾತಿನ ಸಾರ. ಲಕ್ಷ ಹೆಣ ದಾಟಿ ಬಂದವರ ಬಾಯಿಂದ ಆ ಮಾತು ಬಂದದ್ದಲ್ಲ.

ಶರಣು ಬಂದವರನ್ನು ಒಟ್ಟಿಗೆ ಬಿಡಲಿಲ್ಲ. ಉಬಾಶಿಗೆ ಖಾನ್ ಪದವಿ ಸಿಕ್ಕಿತು. ಜನರನ್ನು ಮಾತ್ರ ತುಕಡಿಗಳಾಗಿ ಒಡೆದು, ಯುಲ್ದುಜ್ ಕಣಿವೆ, ಹೊಬೊಕ್ಸರ್, ಅಲ್ತಾಯ್ ಎಂದು ದೂರದೂರ ಹಂಚಿದರು. ಪ್ರತಿ ತುಕಡಿಗೂ ಗಡಿ ಗೊತ್ತುಮಾಡಿ, ದಾಟಿದರೆ ಶಿಕ್ಷೆ ಎಂದರು. ಉಳುಮೆ ಕಲಿಯಿರೆಂದು ಬೀಜವನ್ನೂ ಕೊಟ್ಟರು. ಯಾವ ನೇಗಿಲು, ಯಾವ ಗಡಿಯಿಂದ ತಪ್ಪಿಸಿಕೊಳ್ಳಲು ಅಷ್ಟು ದೂರ ಬಂದರೋ ಅವೆರಡೂ ಇಲ್ಲಿ ಅವರಿಗಾಗಿ ಕಾದಿದ್ದವು. ಉಬಾಶಿ ಮೂರು ನಾಲ್ಕು ವರ್ಷಗಳಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿ ತೀರಿಕೊಂಡ.

ವೋಲ್ಗಾದಲ್ಲಿ ಉಳಿದವರ ಗತಿ ಬೇರೆ. ಅದೇ 1771ರ ಅಕ್ಟೋಬರ್‌ನಲ್ಲಿ ಕ್ಯಾಥರೀನ್ ಖಾನರ ಆಳ್ವಿಕೆಯನ್ನೇ ರದ್ದುಮಾಡಿದಳು. ಕಲ್ಮಿಕರು ಬಿಟ್ಟುಹೋದ ಪೂರ್ವದಂಡೆಯ ಬಯಲು ಮೂವತ್ತು ವರ್ಷ ‘ಖಾಲಿ’ ಇತ್ತು. 1801ರಲ್ಲಿ ಬುಕೆಯ್ ಸುಲ್ತಾನನ ಕಝಾಕರು ರಷ್ಯಾದ ಅಪ್ಪಣೆ ಪಡೆದು ಅಲ್ಲಿಗೆ ಬಂದು ಡೇರೆ ಹಾಕಿದರು. ಈ ಬುಕೆಯ್ ಧೂಳಿನ ದಂಡಯಾತ್ರೆಗೆ ಸವಾರರನ್ನು ಎಬ್ಬಿಸಿದ ನುರಾಲಿ ಖಾನನ ಮಗ. ಪಶ್ಚಿಮದಂಡೆಯ ಕಲ್ಮಿಕರನ್ನು 1943ರ ಡಿಸೆಂಬರ್ 28ರ ಬೆಳಗ್ಗೆ ಸ್ಟಾಲಿನ್‌ನ ಪೊಲೀಸರು ಮನೆಮನೆಯಿಂದ ಎಬ್ಬಿಸಿ, ತೊಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ದನದ ಬೋಗಿಗಳಲ್ಲಿ ಸೈಬೀರಿಯಕ್ಕೆ ಸಾಗಿಸಿದರು. ಮರಳಲು ಬಿಟ್ಟದ್ದು 1957ರಲ್ಲಿ. ಈ ಸಲದ ಚಳಿಗಾಲದ ಪ್ರಯಾಣವನ್ನು ಅವರು ಆರಿಸಿಕೊಂಡಿರಲಿಲ್ಲ.

ಜಂಗರ್ ಎಂಬ ವೀರನ ಕಾವ್ಯವನ್ನು ಇಜಿಲ್ ದಂಡೆಯಲ್ಲೂ ಹಾಡುತ್ತಾರೆ, ಹೊಬೊಕ್ಸರ್‌ನಲ್ಲೂ ಹಾಡುತ್ತಾರೆ. ಎರಡರ ನಡುವೆ ಕಝಾಕಿಸ್ತಾನವೆಂಬ ದೇಶವಿದೆ.

ಈ ಕಥೆಯ ಒಂದು ಎಳೆ ನಮ್ಮ ಉತ್ತರ ಕನ್ನಡಕ್ಕೂ ಬಂದು ಮುಟ್ಟುತ್ತದೆ. ಕಲ್ಮಿಕ್ ಹುಡುಗರು ಓದಲು ಹೋಗುತ್ತಿದ್ದ ಗೋಮಾಂಗ್ ವಿದ್ಯಾಪೀಠವನ್ನು, ಟಿಬೆಟ್ ಬಿಟ್ಟು ಬಂದ ಭಿಕ್ಷುಗಳು 1969ರಲ್ಲಿ ಮುಂಡಗೋಡಿನಲ್ಲಿ ಮತ್ತೆ ಕಟ್ಟಿದರು. ಅಮೆರಿಕದ ಫಿಲಡೆಲ್ಫಿಯದಲ್ಲಿ, ಕಲ್ಮಿಕ್ ವಲಸಿಗರ ಮನೆಯಲ್ಲಿ 1972ರಲ್ಲಿ ಹುಟ್ಟಿದ ತೆಲೋ ತುಲ್ಕು ರಿನ್‌ಪೋಚೆ ಬಾಲ್ಯದಲ್ಲೇ ಇಲ್ಲಿಗೆ ಬಂದು ಓದಿ, 1992ರಲ್ಲಿ ಕಲ್ಮಿಕಿಯದ ಮುಖ್ಯ ಲಾಮಾ ಆದರು. ಅವರ ಬೆನ್ನಿಗೆ ವೋಲ್ಗಾ ಬಯಲಿನ ಹುಡುಗರು ಮತ್ತೆ ಓದಲು ಬರತೊಡಗಿದರು. ಆಯುಕ ಖಾನನ ಕಾಲದಲ್ಲಿ ಇಬ್ಬರು ದೊರೆಗಳ ಅಪ್ಪಣೆ ಬೇಕಿದ್ದ ಆ ಗುರುಮನೆಗೆ ಈಗ ಕಲ್ಮಿಕಿಯದ ರಾಜಧಾನಿ ಎಲಿಸ್ತಾದಿಂದ ಮಾಸ್ಕೋ, ಅಲ್ಲಿಂದ ದಿಲ್ಲಿ, ಆಮೇಲೆ ಹುಬ್ಬಳ್ಳಿ, ಕೊನೆಗೆ ಮುಂಡಗೋಡಿನ ಬಸ್ಸು. ಸಂಜೆ ಅಂಗಳದಲ್ಲಿ ತರ್ಕದ ಪಾಠ ನಡೆಯುತ್ತದೆ. ನಿಂತವನು ಪ್ರಶ್ನೆ ಎಸೆದು ಅಂಗೈಗೆ ಅಂಗೈ ಬಡಿಯುತ್ತಾನೆ, ಕೂತವನು ಉತ್ತರ ಹುಡುಕುತ್ತಾನೆ. ಬೇಲಿಯಾಚೆಗೆ ಮುಸುಕಿನ ಜೋಳದ ಹೊಲ.